ನಾಕು ಬೆರಳು ಎತ್ತರ

ಅಪ್ಪ ಮೂರು ಸಲ ಕಾಲೆತ್ತಿದ. ಮೂರೂ ಸಲ ಧೋತರ ಮೊಣಕಾಲಿಗೆ ಸಿಕ್ಕಿಕೊಂಡಿತು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಕೈ ಡ್ಯಾಶ್‌ಬೋರ್ಡಿನ ಹಿಡಿಕೆ ಮೇಲೆ. ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಡಲು ಹೋದೆ. ‘ಬ್ಯಾಡ, ಬಿಡೋ’ ಅಂದ. ಗುಡಿ ಕಟ್ಟೆ ಮೇಲೆ ಕೂತ ನಾಲ್ಕು ಜನ ಬೀಡಿ ಸೇದೋದನ್ನ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

‘ಬೆಂಗಳೂರಿಂದ ಬರೋವಾಗ ಏಣಿ ತರೂದು ಮರತೀ ಏನಪಾ?’ ಅಂತ ನಕ್ಕ. ನಗುವಾಗ ಕಣ್ಣು ನನ್ನ ಕಡೆ ಇರಲಿಲ್ಲ.

ಆಮೇಲೆ ಪಕ್ಕದ ಮನೆ ಹುಡುಗನ ಬೈಕಿನ ಹಿಂದೆ ಕೂತು ಹೊಲಕ್ಕೆ ಹೋದ. ಆ ಬೈಕಿನ ಹಿಂದೆ, ಹದಿನೈದು ಲಕ್ಷದ ಥಾರ್‌ನಲ್ಲಿ, ನಾನೊಬ್ಬನೇ ಹೋದೆ. ಇದು 2022ರ ಯುಗಾದಿಯ ಮಾತು. ಬೇವು-ಬೆಲ್ಲದಲ್ಲಿ ಆ ವರ್ಷ ನನಗೆ ಬರೀ ಬೇವೇ ಸಿಕ್ಕಿತ್ತು ಅನ್ನಿ.

ನಮ್ಮೂರು ಬ್ಯಾಡಗಿ ತಾಲ್ಲೂಕಿನಲ್ಲಿ, ಪಿ.ಬಿ. ರೋಡಿನಿಂದ ಒಳಗೆ. ಸರ್ಕಾರ ಅದಕ್ಕೆ ಮೊದಲು ಎನ್‌ಎಚ್ 4 ಅಂತಿತ್ತು, ಈಗ 48 ಅಂತದೆ. ನಮ್ಮ ಜನ ಇವತ್ತಿಗೂ ಪಿ.ಬಿ. ರೋಡ್ ಅಂತಾರೆ, ಪುಣೆ-ಬೆಂಗಳೂರು ರೋಡ್. ಊರ ತನಕ ಡಾಂಬರಿದೆ. ಊರಿಂದ ಹೊಲದ ಮನೆಗೆ ಮೂರು ಕಿಲೋಮೀಟರ್ ದಾರಿ, ಮೊದಲೊಂದಿಷ್ಟು ಮಸಾರಿ, ಆಮೇಲೆ ಪೂರಾ ಕರಿ ಯರಿ.

ಯರಿ ಮಣ್ಣು ಕಂಡವರಿಗೆ ಹೇಳಬೇಕಿಲ್ಲ. ಕಾಣದವರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಕುಡುಗೋಲು ಬಿದ್ದರೆ ಸಿಗದಷ್ಟು ಬಿರಿದಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಉಬ್ಬಿ, ನಾದಿದ ಹಿಟ್ಟಿನ ಹಾಗೆ ಆಗುತ್ತದೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜವಿದೆ, ನೀರು ಕುಡಿದು ಊದಿಕೊಳ್ಳೋದೇ ಅದರ ಕೆಲಸ ಅಂತ ಕಾಲೇಜಿಗೆ ಹೋದ ಮೇಲೆ ಓದಿದೆ. ಅದಕ್ಕೂ ಮೊದಲೇ ಸೈಕಲ್ಲು ಕಲಿಸಿತ್ತು. ಹೈಸ್ಕೂಲಿಗೆ ಹೋಗುವಾಗ ನಮ್ಮ ಕ್ಯಾರಿಯರಿನಲ್ಲಿ ಪಾಟಿಚೀಲದ ಜೊತೆ ಒಂದು ಕಟ್ಟಿಗೆ ಚೂರು ಇರುತ್ತಿತ್ತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ಚಕ್ರ ನಿಂತೇ ಹೋಗುತ್ತಿತ್ತು. ಹತ್ತು ಮಾರು ಹೋಗೋದು, ಇಳಿಯೋದು, ಕಟ್ಟಿಗೆಯಿಂದ ಕೆದರೋದು. ಕಡೆಗೆ ಬೇಸತ್ತು ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಹೋಗೋದು. ಜಾಣರು ಮಡ್‌ಗಾರ್ಡನ್ನೇ ಬಿಚ್ಚಿ ಹಾಕಿದ್ದರು. ಅವರ ಬೆನ್ನ ಮೇಲೆ ಮಣ್ಣಿನ ಉದ್ದ ಗೆರೆ ಇರುತ್ತಿತ್ತು, ಆದರೆ ಪ್ರಾರ್ಥನೆಗೆ ಸರಿಯಾಗಿ ಮುಟ್ಟುತ್ತಿದ್ದರು.

2019ರ ಆಗಸ್ಟ್ ನೆನಪಿರಬೇಕು ನಿಮಗೆ. ಉತ್ತರ ಕರ್ನಾಟಕ ಅರ್ಧ ನೀರಿನಲ್ಲಿತ್ತು. ನಮ್ಮ ಕಡೆ ವರದಾ ಹೊಳೆ ಹೊಲಗಳಿಗೆ ನುಗ್ಗಿತ್ತು. ನಮ್ಮ ಹೊಲಕ್ಕೆ ಹೊಳೆ ಬರಲಿಲ್ಲ, ಮಳೆ ಮಾತ್ರ ನಿಲ್ಲಲಿಲ್ಲ. ಅಂಥ ಒಂದು ರಾತ್ರಿ ಹೊಲದ ಮನೆಯಲ್ಲಿ ಅಪ್ಪನಿಗೆ ಎದೆನೋವು ಬಂತು. ಆಂಬುಲೆನ್ಸ್ ಬಂದು ಊರ ಡಾಂಬರಿನಲ್ಲಿ ನಿಂತಿತು, ಮುಂದೆ ಬರೋ ಹಾಗಿರಲಿಲ್ಲ. ಪಕ್ಕದ ಹೊಲದ ದೊಡ್ಡಪ್ಪ ಟ್ರ್ಯಾಕ್ಟರ್ ತಂದ. ಟ್ರೇಲರಿನಲ್ಲಿ ಮಂಚ ಇಟ್ಟು, ಮೇಲೆ ತಾಡಪತ್ರಿ ಹಿಡಿದು, ಮೂರು ಕಿಲೋಮೀಟರ್ ತರಲು ಮುಕ್ಕಾಲು ತಾಸು ಹಿಡಿಯಿತು. ಅವ್ವ ಮಂಚದ ಕಾಲು ಹಿಡಿದು ಕೂತಿದ್ದಳಂತೆ. ನಾನು ಆಗ ಬೆಂಗಳೂರಿನಲ್ಲಿ, ರಿಲೀಸ್ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು, ಇನ್ನೊಂದು ಫೋನಿನಲ್ಲಿ ‘ಎಲ್ಲಿ ಬಂದ್ರಿ, ಎಲ್ಲಿ ಬಂದ್ರಿ’ ಅಂತ ಕೇಳುತ್ತಿದ್ದೆ. ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿದರು. ಅಪ್ಪ ಉಳಿದ.

ಬೆಳಿಗ್ಗೆ ನಾನು ಆಸ್ಪತ್ರೆ ಮುಟ್ಟಿದಾಗ ಅವನ ಧೋತರದ ಅಂಚಿಗೆ ಯರಿ ಮಣ್ಣು ಒಣಗಿ ಹತ್ತಿಕೊಂಡಿತ್ತು. ಇನ್ನೊಂದು ಸಲ ಇವನನ್ನ ಟ್ರೇಲರಿನಲ್ಲಿ ಒಯ್ಯೋ ಹಾಗೆ ಆಗಬಾರದು ಅಂತ ಅವತ್ತು ಅಂದುಕೊಂಡೆ.

2020ರ ಅಕ್ಟೋಬರ್ 2ರಂದು ಹೊಸ ಥಾರ್ ಬಂತು. ನಾಲ್ಕೂ ಗಾಲಿಗೆ ಶಕ್ತಿ, 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸು, 650 ಮಿಲಿಮೀಟರ್ ನೀರಿನಲ್ಲಿ ಇಳಿಯಬಹುದು ಅಂತ ಕಂಪನಿ ಹೇಳಿತು. ಬುಕ್ ಮಾಡಿದೆ, ತಿಂಗಳುಗಟ್ಟಲೆ ಕಾದೆ, 2021ರಲ್ಲಿ ಗಾಡಿ ಬಂತು. ಊರಿಗೆ ಒಯ್ದಾಗ ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಬಾಗಿಲು ತೆಗೆಸಿ, ‘ಮೆಣಸಿನಕಾಯಿ ಚೀಲ ಎಷ್ಟ ಹಿಡಿತಾವ?’ ಅಂತ ಕೇಳಿದ. ಎರಡು ಹಿಡಿದರೆ ಹೆಚ್ಚು ಅಂದೆ. ‘ಹಂಗಾರ ಇದು ಮಂದಿ ಗಾಡಿ’ ಅಂದು ಮುಂದಿನ ಸೀಟಿನಲ್ಲಿ ಕೂತ. ಶೋರೂಮಿನಲ್ಲಿ ಹಾಕಿಸಿದ್ದ ಫುಟ್‌ಸ್ಟೆಪ್ ಮೇಲೆ ಕಾಲಿಟ್ಟು, ತಾನೇ ಹತ್ತಿ ಕೂತ.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ನಾನು ಬೆಂಗಳೂರಿಗೆ ವಾಪಸ್ ಬಂದೆನಲ್ಲ.

ಬೆಂಗಳೂರಿನಲ್ಲಿ ಥಾರ್ ಇಟ್ಟುಕೊಂಡವರಿಗೆ ಭಾನುವಾರ ಬೆಳಿಗ್ಗೆ ಒಂದು ಕಾಯಿಲೆ ಬರುತ್ತದೆ. ನಾಲ್ಕೈದು ಗಾಡಿ ಸೇರಿ ಯಾವುದೋ ಬಂಜರು ಗುಡ್ಡಕ್ಕೆ ಹೋಗೋದು, ಹತ್ತೋದು, ಇಳಿಯೋದು, ತಟ್ಟೆ ಇಡ್ಲಿ ತಿಂದು ಬರೋದು. ಅಲ್ಲಿ ನಿಮ್ಮ ಹೆಸರು ಯಾರಿಗೂ ಬೇಡ, ‘ಸ್ಟಾಕಾ? ಲಿಫ್ಟೆಡ್ಡಾ?’ ಅಂತ ಕೇಳುತ್ತಾರೆ. ಸ್ಟಾಕ್ ಅಂದರೆ ಕಂಪನಿಯಿಂದ ಬಂದ ಹಾಗೇ ಇರೋದು. ಸ್ಟಾಕ್ ಅಂತ ಹೇಳುವಾಗ, ಕಾಲೇಜಿನಲ್ಲಿ ಕನ್ನಡ ಮೀಡಿಯಂ ಅಂತ ಹೇಳುವಾಗ ಆಗುತ್ತಿದ್ದ ಹಾಗೇ ಆಗುತ್ತಿತ್ತು ನನಗೆ. ಆರು ತಿಂಗಳು ತಡೆದೆ.

ಟೈರಿನ ಪಕ್ಕೆಯ ಮೇಲೆ ಬರೆದದ್ದನ್ನ ನಮ್ಮಲ್ಲಿ ಎಷ್ಟು ಜನ ಓದಿದ್ದೀವಿ? ನಾನು ಬಿ.ಇ. ಮೆಕ್ಯಾನಿಕಲ್ ಮುಗಿಸಿ, ಜಾವಾ ಬರೆಯುತ್ತ ಹತ್ತು ವರ್ಷ ಕಳೆದ ಮೇಲೆ ಓದಿದ್ದು. ನನ್ನದು 245/75 R16. ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಭಾಗ, ಒಳಗಿನ ರಿಮ್ 16 ಇಂಚು. ಲೆಕ್ಕ ಹಾಕಿದರೆ ಇಡೀ ಗಾಲಿಯ ಎತ್ತರ 774 ಮಿಲಿಮೀಟರ್, ಮೂವತ್ತೂವರೆ ಇಂಚು. ನಮ್ಮ ಗುಂಪಿನಲ್ಲಿ ಮರ್ಯಾದೆ ಶುರುವಾಗೋದು ಮೂವತ್ಮೂರು ಇಂಚಿನಿಂದ. ಅದಕ್ಕೆ 285/75 R16 ಬೇಕು, ಅದರ ಎತ್ತರ 834.

ಇನ್ನು ಜಾತಿ. ಟೈರಿನಲ್ಲೂ ಜಾತಿ ಇದೆ. ಎಚ್‌ಟಿ ಡಾಂಬರಿಗೆ. ಎಟಿ ಅರ್ಧ ಡಾಂಬರು, ಅರ್ಧ ಮಣ್ಣಿಗೆ. ಎಂಟಿ ಅಂದರೆ ಮಡ್ ಟೆರೇನ್, ಬೆಲ್ಲದ ಅಚ್ಚಿನಂಥ ರಬ್ಬರ್ ಗುಂಡುಗಳು, ನಡುವೆ ಬೆರಳು ತೂರೋ ಸಂದು. ನಾನು ಎಕ್ಸೆಲ್ ಶೀಟ್ ಮಾಡಿದೆ. ಸದ್ದು, ಬಾಳಿಕೆ, ಒದ್ದೆ ಡಾಂಬರಿನಲ್ಲಿ ಬ್ರೇಕು, ತೂಕ, ಬೆಲೆ. ಶೀಟು ಎಟಿ ಅಂತ ಹೇಳಿತು. ನಾನು ಎಂಟಿ ತಗೊಂಡೆ. ನಮ್ಮೂರ ದಾರಿ ಮಡ್ಡು, ಟೈರಿನ ಹೆಸರಲ್ಲೇ ಮಡ್ಡು ಇದೆ, ಮುಗೀತಲ್ಲ.

ಅಷ್ಟು ದೊಡ್ಡ ಟೈರ್ ಸ್ಟೀರಿಂಗ್ ತಿರುಗಿಸಿದಾಗ ಒಳಗೆ ಉಜ್ಜುತ್ತದೆ. ಅದಕ್ಕೇ ಲಿಫ್ಟ್. ಕಂಪನಿಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ತೆಗೆದು ಉದ್ದನೆಯವು ಹಾಕಿ ಗಾಡಿಯನ್ನ ಎರಡು ಇಂಚು ಎತ್ತಿಸಿದೆ. ಫುಟ್‌ಸ್ಟೆಪ್ ಕಲ್ಲಿಗೆ ತಾಗುತ್ತದೆ ಅಂತ ಕಿತ್ತು, ಕಬ್ಬಿಣದ ಪೈಪಿನ ರಾಕ್ ಸ್ಲೈಡರ್ ಹಾಕಿಸಿದೆ. ಮುಂದಿನ ಬಂಪರಿನ ಅಂಚು ಸ್ವಲ್ಪ ಕತ್ತರಿಸಿದರು. ಕೂಲಿ ಸೇರಿ ಒಂದೂಮುಕ್ಕಾಲು ಲಕ್ಷ. ಗಾಡಿಯ ಮೂಲ ರಚನೆ ಬದಲಿಸೋ ಹಾಗಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಸಿಗ್ನಲ್ಲಿನಲ್ಲಿ ಪೊಲೀಸರು ಕಂಡರೆ ಎದೆ ಒಮ್ಮೆ ಧಸಕ್ ಅನ್ನೋದೂ ಆ ಒಂದೂಮುಕ್ಕಾಲು ಲಕ್ಷದಲ್ಲೇ ಬಂತು.

ಯುಗಾದಿಗೆ ಊರಿಗೆ ಹೊರಟಾಗ ಹೈವೇಯಲ್ಲಿ ಟೈರು ಎಂಟು ತಾಸು ಗುಂಯ್‌ಗುಟ್ಟಿತು. ಮೀಟರ್ 100 ತೋರಿಸುವಾಗ ಗಾಡಿ ನಿಜವಾಗಿ 108ರ ಹತ್ತಿರ ಓಡುತ್ತಿತ್ತು, ಗಾಲಿ ದೊಡ್ಡದಾದ ವಿಷಯ ಮೀಟರಿಗೆ ಯಾರೂ ಹೇಳಿರಲಿಲ್ಲ. ಲಾರಿ ಓವರ್‌ಟೇಕ್ ಮಾಡಿ ಎಡಕ್ಕೆ ಬಂದರೆ ಗಾಡಿ ಜೋಳದ ದಂಟಿನ ಹಾಗೆ ತೂಗುತ್ತಿತ್ತು. ಆದರೂ ಖುಷಿ ಇತ್ತು. ಟೋಲ್‌ನಲ್ಲಿ ಹುಡುಗರು ತಿರುಗಿ ನೋಡುತ್ತಿದ್ದರಲ್ಲ. ಊರು ಮುಟ್ಟಿ, ಬಾಗಿಲು ತೆಗೆದು, ‘ಹತ್ತಪ್ಪಾ’ ಅಂದೆ. ಮುಂದಿನದು ನಿಮಗೆ ಗೊತ್ತು.

ಅವತ್ತು ಸಂಜೆ ಅಪ್ಪ ಕೈಬೆರಳು ಅಡ್ಡ ಇಟ್ಟು, ಮೊದಲಿಗೂ ಈಗಿಗೂ ಎಷ್ಟು ಎತ್ತರವಾಗಿದೆ ಅಂತ ನನ್ನಿಂದ ಕೇಳಿ ಲೆಕ್ಕ ಮಾಡಿದ. ಸ್ಪ್ರಿಂಗಿನಿಂದ 50 ಮಿಲಿಮೀಟರ್, ಟೈರಿನಿಂದ 30. ‘ನಾಕ್ ಬೆರಳು’ ಅಂದ. ನಾಕು ಬೆರಳು ಅಂದರೆ ಏನು ಮಹಾ ಅಂತ ಮೂವತ್ನಾಲ್ಕರ ಮೊಣಕಾಲಿಗೆ ಅನಿಸುತ್ತದೆ. ಅರವತ್ತೆಂಟರ, ಸವೆದ ಮೊಣಕಾಲಿಗೆ ಅದು ಗೋಡೆ. ಕಿತ್ತು ಹಾಕಿದ್ದ ಫುಟ್‌ಸ್ಟೆಪ್ ಲೆಕ್ಕ ಬೇರೆ. ನಾನು ಒಂದು ಕಟ್ಟಿಗೆ ಸ್ಟೂಲು ತಂದು ಗಾಡಿಯಲ್ಲಿಟ್ಟೆ. ಗಾಡಿ ಮಾತ್ರ ಬಿಚ್ಚಿಸಲಿಲ್ಲ. ಮಳೆಗಾಲ ಬರಲಿ, ಆಗ ಇವರಿಗೆ ಗೊತ್ತಾಗುತ್ತದೆ ಅಂತ ಒಳಗೊಳಗೇ ಅಂದುಕೊಂಡಿದ್ದೆ.

ಮಳೆಗಾಲ ಬಂತು. ಜುಲೈನಲ್ಲಿ ಅಪ್ಪನ ಚೆಕಪ್ಪು. ಹಿಂದಿನ ಎರಡು ದಿನ ಮಳೆ, ಅವತ್ತು ಬೆಳಿಗ್ಗೆ ಬಿಟ್ಟಿತ್ತು. ಹೊಲದ ಮನೆ ಮುಂದೆ ಸ್ಟೂಲ್ ಇಟ್ಟು ಅಪ್ಪನನ್ನ ಹತ್ತಿಸಿದೆ. ಅವ್ವ ಹಿಂದೆ. ಫೋರ್ ಲೋ ಹಾಕಿದೆ. ಈ ದಿನಕ್ಕಾಗಿಯೇ ಈ ಗಾಡಿ ಅಂತ ಎದೆ ಉಬ್ಬಿತ್ತು. ಅರ್ಧ ಕಿಲೋಮೀಟರ್ ಚೆನ್ನಾಗಿಯೇ ಹೋದೆವು. ಹಳ್ಳದ ಇಳಿಜಾರಿನ ಹತ್ತಿರ ಟ್ರ್ಯಾಕ್ಟರುಗಳು ಓಡಾಡಿ ಎರಡು ಆಳವಾದ ಜಾಡು ಬಿದ್ದಿದ್ದವು, ನಡುವೆ ದಿಣ್ಣೆ. ಗಾಡಿ ಜಾಡಿಗೆ ಇಳಿಯಿತು, ನಾಲ್ಕು ಮಾರು ಸರಿಯಿತು, ಧಪ್ ಅಂತ ಕೂತಿತು. ಆಕ್ಸಿಲರೇಟರ್ ಒತ್ತಿದೆ. ನಾಲ್ಕೂ ಗಾಲಿ ತಿರುಗುತ್ತಿದ್ದವು, ಗಾಡಿ ಅಲ್ಲೇ.

ಇಳಿದು ನೋಡಿದೆ. ಬೆಲ್ಲದ ಅಚ್ಚುಗಳು ಎಲ್ಲಿ? ಸಂದುಗಳೆಲ್ಲ ಮಣ್ಣು ತುಂಬಿ, ಟೈರು ನಾಲ್ಕೂ ಸಾರಿಸಿದ ನೆಲದ ಹಾಗೆ ನುಣ್ಣಗಾಗಿದ್ದವು. ಎಂಟಿ ಟೈರಿನ ಸಂದಿನ ಮಣ್ಣು ಸಿಡಿದು ಹೋಗಬೇಕಾದರೆ ಗಾಲಿ ಜೋರಾಗಿ ತಿರುಗಬೇಕು. ವಯಸ್ಸಾದ ಇಬ್ಬರನ್ನ ಕೂರಿಸಿಕೊಂಡು ಹಳ್ಳದ ಇಳಿಜಾರಿನಲ್ಲಿ ಯಾರು ಜೋರಾಗಿ ಹೋಗುತ್ತಾರೆ? ಕೆಳಗೆ ಬಗ್ಗಿ ನೋಡಿದರೆ ಇನ್ನೂ ದೊಡ್ಡ ಪಾಠ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಒಂದು ಕಬ್ಬಿಣದ ಗುಂಡಿರುತ್ತದೆ, ಡಿಫರೆನ್ಷಿಯಲ್. ಅದು ದಿಣ್ಣೆಯ ಮೇಲೆ ಕೂತುಬಿಟ್ಟಿತ್ತು. ಸ್ಪ್ರಿಂಗ್ ಇರೋದು ಅಚ್ಚಿಗೂ ಬಾಡಿಗೂ ನಡುವೆ. ಉದ್ದನೆಯ ಸ್ಪ್ರಿಂಗ್ ಹಾಕಿದರೆ ಬಾಡಿ ಮೇಲೆ ಹೋಗುತ್ತದೆ, ಅಚ್ಚು ಇದ್ದಲ್ಲೇ ಇರುತ್ತದೆ. ಅಚ್ಚನ್ನ ಎತ್ತಬಲ್ಲದ್ದು ಗಾಲಿ ಮಾತ್ರ, ಅದೂ ಎತ್ತಿದ್ದು 30 ಮಿಲಿಮೀಟರ್. ನಾಕು ಬೆರಳಿನಲ್ಲಿ ನನ್ನ ಗುಂಡಿಗೆ ಸಿಕ್ಕಿದ್ದು ಒಂದೂವರೆ. ಉಳಿದ ಎರಡೂವರೆ ಬೆರಳು ಬರೀ ನೋಡುವವರಿಗೆ ಮತ್ತು ಅಪ್ಪನ ಮೊಣಕಾಲಿಗೆ. ಮೆಕ್ಯಾನಿಕಲ್ ಇಂಜಿನಿಯರ್ ನಾನು. ಇದನ್ನ ಒಂದು ಚಿತ್ರ ಬರೆದಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಎಕ್ಸೆಲ್ ಬರೆದೆ.

ಅವ್ವ ದೊಡ್ಡಪ್ಪನಿಗೆ ಫೋನ್ ಮಾಡಿದಳು. ಟ್ರ್ಯಾಕ್ಟರ್ ಬಂತು, ಹಿಂದೆ ಟ್ರೇಲರ್. ಸ್ಟೂಲ್ ಮಣ್ಣಿನಲ್ಲಿ ನಿಲ್ಲಲಿಲ್ಲ, ಹುಗಿದು ಹೋಯಿತು. ದೊಡ್ಡಪ್ಪನೂ ನಾನೂ ಅಪ್ಪನನ್ನ ಎರಡು ರಟ್ಟೆ ಹಿಡಿದು ಇಳಿಸಿದೆವು. ಟ್ರೇಲರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಮತ್ತೆ ಅದೇ ಟ್ರೇಲರ್. ಅಪ್ಪ ಏನೂ ಅನ್ನಲಿಲ್ಲ. ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಟ್ರೇಲರಿನ ಅಂಚು ಹಿಡಿದು, ಮುಂದೆ ನೋಡುತ್ತ ಕೂತ. ಹಿಂದೆ ಮಣ್ಣಿನಲ್ಲಿ ಕೂತ ಥಾರ್ ಸಣ್ಣದಾಗುತ್ತ ಹೋಗೋದನ್ನ ನಾನೊಬ್ಬನೇ ನೋಡಿದ್ದು.

ಸಂಜೆ ಗಾಡಿ ಎಳೆಯುವಾಗ ದೊಡ್ಡಪ್ಪ ಟೈರಿಗೆ ಒಂದು ಒದೆ ಕೊಟ್ಟು ಕೇಳಿದ, ‘ಗಾಳಿ ಎಷ್ಟ ಹಾಕೀಯೋ?’

‘ಮೂವತ್ತೆರಡು.’

‘ಮೂವತ್ತೆರಡಾ? ಯರಿ ಹೊಲಕ್ಕ ಇಳಿಯೂಮುಂದ ನಾ ಇದಕ್ಕ ಹದಿನಾಕರ ಮ್ಯಾಲೆ ಇಡೂದಿಲ್ಲ’ ಅಂತ ತನ್ನ ಟ್ರ್ಯಾಕ್ಟರಿನ ಹಿಂದಿನ ಗಾಲಿ ತೋರಿಸಿದ. ‘ಗಾಳಿ ಕಮ್ಮಿ ಆತಂದ್ರ ಟೈರು ಪಾದ ಊರತೈತಿ. ಜಾಸ್ತಿ ಇದ್ರ ತುದಿಗಾಲ ಮ್ಯಾಲೆ ನಿಂತಂಗ. ಕೆಸರಾಗ ತುದಿಗಾಲ ಮ್ಯಾಲೆ ಯಾರ ನಿಲ್ತಾರ?’ ಆಮೇಲೆ ಟ್ರ್ಯಾಕ್ಟರ್ ಟೈರಿನ ಓರೆ ಪಟ್ಟಿಗಳನ್ನ ತೋರಿಸಿದ. ಬಾಣದ ತುದಿ ಮೊದಲು ನೆಲ ಕಚ್ಚಬೇಕು, ಆಗ ಮಣ್ಣು ನಡುವಿನಿಂದ ಎರಡೂ ಕಡೆ ಸರಿದು ಹೊರಗೆ ಬೀಳುತ್ತದೆ, ತಿರುವಿ ಕೂರಿಸಿದರೆ ಒಳಗೇ ಗಿಡಿಯುತ್ತದೆ. ಮೂವತ್ತು ವರ್ಷದಿಂದ ನೋಡಿದ ಟೈರು, ಆ ಬಾಣ ಯಾಕಿದೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಗಾಡಿಯನ್ನ ರಾಣೇಬೆನ್ನೂರಿಗೆ ಒಯ್ದೆ. ಪಿ.ಬಿ. ರೋಡಿನ ಬದಿಗೆ ಗ್ಯಾರೇಜು, ಮಿಸ್ತ್ರಿ ಕಾಕಾ ಹಳೆಯ ಜೀಪುಗಳ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಗಾಡಿ ಕೆಳಗೆ ಮಲಗಿ ಹೊರಗೆ ಬಂದು, ‘ಸಾಹೇಬ್ರ, ಮುಂದಿನ ಎಕ್ಸೆಲ್ ಬೂಟ್ ನೋಡ್ರಿ’ ಅಂದರು. ಥಾರಿನ ಹಿಂದಿನದು ಇಡಿಯಾದ ಅಚ್ಚು, ಮುಂದಿನದು ಹಾಗಲ್ಲ, ಎರಡು ಗಾಲಿಗೂ ಬೇರೆ ಬೇರೆ ತೋಳು. ಬಾಡಿ ಎತ್ತಿದ್ದರಿಂದ ಆ ತೋಳುಗಳು ಕೆಳಕ್ಕೆ ಬಾಗಿ, ಗಾಲಿಗೆ ಶಕ್ತಿ ಒಯ್ಯೋ ಶಾಫ್ಟ್ ಓರೆಯಾಗಿ, ಅದರ ರಬ್ಬರ್ ಬೂಟು ಮಡಿಕೆಯಲ್ಲಿ ಸೀಳುತ್ತಿತ್ತು. ಟೈರಿನ ಒಳ ಅಂಚೂ ಒಂದೇ ಕಡೆ ಸವೆಯುತ್ತಿತ್ತು. ‘ಹಳೇ ಸ್ಪ್ರಿಂಗ್ ಅದಾವನ್ರಿ?’

ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲ ಅಂತ ಹಳೆಯ ಸ್ಪ್ರಿಂಗು, ಶಾಕ್, ಫುಟ್‌ಸ್ಟೆಪ್ ಎಲ್ಲ ಯುಗಾದಿಗೆ ಬಂದಾಗ ಹೊಲದ ಮನೆಯಲ್ಲಿ ಎಸೆದು ಹೋಗಿದ್ದೆ. ಇಷ್ಟರಲ್ಲಿ ಮೋಡಕಾಕ್ಕೆ ಹಾಕಿರುತ್ತಾರೆ ಅಂತ ಅಂಜಿಕೊಂಡೇ ಫೋನ್ ಮಾಡಿದೆ. ‘ಮಂಚದ ಬುಡಕ ಅದಾವ, ಬಂದ ಒಯ್ಯಿ’ ಅಂದಳು ಅವ್ವ. ಹೋಗಿ ನೋಡಿದರೆ ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿತ್ತು. ಬಿಚ್ಚಿದೆ. ನಾಲ್ಕೂ ಸ್ಪ್ರಿಂಗಿಗೆ ಅಪ್ಪ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಸವರಿ ಇಟ್ಟಿದ್ದ, ತುಕ್ಕು ಹಿಡಿಯಬಾರದು ಅಂತ. ಬೋಲ್ಟುಗಳನ್ನ ಬೇರೆ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದ. ಯಾಕೆ ಇಟ್ಟೆ ಅಂತ ನಾನು ಕೇಳಲಿಲ್ಲ.

ಎಲ್ಲ ವಾಪಸ್ ಹಾಕಿಸಿದೆ. ಟೈರ್ ಅದೇ ಹಳೆಯ ಅಳತೆ, 245/75 R16, ಈ ಸಲ ಎಟಿ. ಗಾಳಿ ಇಳಿಸಿದ ಮೇಲೆ ತುಂಬಿಸಲು ಬ್ಯಾಟರಿಗೆ ಸಿಕ್ಕಿಸೋ ಒಂದು ಸಣ್ಣ ಕಂಪ್ರೆಸರು. ಲಿಫ್ಟ್ ಕಿಟ್ಟನ್ನೂ ಮೂವತ್ಮೂರು ಇಂಚಿನ ಟೈರುಗಳನ್ನೂ ಗುಂಪಿನ ಒಬ್ಬ ಹುಡುಗ ಎಂಬತ್ತು ಸಾವಿರಕ್ಕೆ ಒಯ್ದ. ಅವನಿಗೆ ಸಾಧ್ಯವಾದಷ್ಟು ಹೇಳಿದೆ. ಕೇಳಿಸಿಕೊಳ್ಳಲಿಲ್ಲ, ನಾನೂ ಕೇಳಿಸಿಕೊಂಡಿರಲಿಲ್ಲ.

ಆ ದುಡ್ಡು ಬಂದ ದಿನ ಅಪ್ಪ ಊಟ ಮಾಡುತ್ತ ಕೇಳಿದ, ‘ಅಲ್ಲೋ, ಒಟ್ಟ ಎಷ್ಟ ಸುರದಿ ಅದಕ್ಕ?’ ಒಂದೂಮುಕ್ಕಾಲು ಅಂದೆ. ರೊಟ್ಟಿ ಮುರಿಯೋದನ್ನ ನಿಲ್ಲಿಸಿದ. ‘ಅಷ್ಟ ರೊಕ್ಕಕ್ಕ ಎಷ್ಟ ಟಿಪ್ಪರ್ ಗರಸು ಬರ್ತಿತ್ತು ಗೊತ್ತೇನು? ಗಾಡಿ ಎತ್ತಿಸೂ ಬದ್ಲಿ ದಾರಿ ಎತ್ತಿಸಬೇಕಿತ್ತಲ್ಲೋ.’

ಎಂಬತ್ತು ಸಾವಿರವನ್ನ ಹಳ್ಳದ ಇಳಿಜಾರಿಗೆ ಹಾಕಿದೆವು. ಮೊದಲು ಹಾಕಿದ ಗರಸನ್ನ ಯರಿ ಒಂದೇ ಮಳೆಗೆ ನುಂಗಿತು. ಹಾಗೇ ಆಗುತ್ತದೆ ಅಂತ ದೊಡ್ಡಪ್ಪ ಹೇಳಿದ್ದ, ಬುಡಕ್ಕೆ ದಪ್ಪ ಕಲ್ಲು ಬೇಕು ಅಂತ. ಎರಡನೇ ಸಲ ಕಲ್ಲು ಹಾಕಿ, ಮೇಲೆ ಗರಸು ಹಾಕಿದೆವು. ದಾರಿಗೆ ಹೊಲ ಇದ್ದ ಇನ್ನಿಬ್ಬರು ತಲಾ ಒಂದು ಟಿಪ್ಪರ್ ಕೊಟ್ಟರು. ಇನ್ನೂರು ಅಡಿ ಆಗಿರಬಹುದು. ಉಳಿದ ದಾರಿ ಹಾಗೇ ಇದೆ. ಮೂರು ದಿನ ಹಿಡಿದು ಮಳೆ ಹೊಡೆದರೆ ಈಗಲೂ ಥಾರ್ ಹೋಗೋದಿಲ್ಲ, ಆಗ ಅಪ್ಪ-ಅವ್ವ ಊರ ಮನೆಗೆ ಬಂದಿರುತ್ತಾರೆ.

ಮುಂದಿನ ವರ್ಷದ ಚೆಕಪ್ಪಿಗೂ ಮಳೆ ಇತ್ತು. ಹೊಲದ ಮನೆ ಮುಂದೆ ನಾನು ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಟೈರಿನ ಗಾಳಿ ಬಿಡುತ್ತಿದ್ದೆ. ಅಪ್ಪ ಆಗಲೇ ಹತ್ತಿ ಕೂತು ಕಿಟಕಿಯಿಂದ ತಲೆ ಹಾಕಿ, ‘ಎಷ್ಟಕ್ಕ ಬಂತು?’ ಅಂದ.

‘ಇಪ್ಪತ್ತು.’

‘ಇನ್ನೊಂದೀಟ ಬಿಡು.’

ಹದಿನೆಂಟಕ್ಕೆ ಇಳಿಸಿದೆ. ನಿಧಾನಕ್ಕೆ, ಜಾಡು ಬಿಟ್ಟು ದಿಣ್ಣೆಯ ಮೇಲೊಂದು ಗಾಲಿ, ಬದಿಗೊಂದು ಗಾಲಿ ಇಟ್ಟುಕೊಂಡು, ಹಳ್ಳದ ಗರಸು ಮುಟ್ಟಿ, ಊರು ದಾಟಿ ಡಾಂಬರಿಗೆ ಬಂದೆವು. ಕಂಪ್ರೆಸರ್ ಹಚ್ಚಿ ಗಾಳಿ ತುಂಬಿಸುವಷ್ಟರಲ್ಲಿ ಅಪ್ಪನಿಗೆ ಅವತ್ತು ಗುರುವಾರ ಅನ್ನೋದು ನೆನಪಾಯಿತು. ಬ್ಯಾಡಗಿ ಮಾರ್ಕೆಟ್ ಸೋಮವಾರ, ಗುರುವಾರ. ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಏಳು ಚೀಲ ಡಬ್ಬಿ ಮೆಣಸಿನಕಾಯಿ ಕೂತಿದ್ದವು. ‘ಡಾಕ್ಟರ್ ಎಲ್ಲಿ ಹೋಗ್ತಾನ, ಮೊದಲ ರೇಟ್ ಕೇಳ್ಕೊಂಡ ಹೋಗೂಣು’ ಅಂದ.

ಅಂಗಡಿ ಸಾಲಿನಲ್ಲಿ ಗಾಡಿ ನಿಲ್ಲಿಸಿದೆ. ಘಾಟಿಗೆ ನನಗೆ ಸೀನು ಶುರುವಾಯಿತು. ಅಪ್ಪ ಫುಟ್‌ಸ್ಟೆಪ್ ಮೇಲೆ ಕಾಲಿಟ್ಟು ಇಳಿದು ಹೋದ. ಒಂದು ಅಂಗಡಿಯಲ್ಲಿ ಕೇಳಿ ಬಂದು ಹತ್ತಿದ, ಮುಂದಿನ ಅಂಗಡಿಗೆ ಮತ್ತೆ ಇಳಿದ, ಮತ್ತೆ ಹತ್ತಿದ. ನಾಲ್ಕನೇ ಅಂಗಡಿಯಲ್ಲಿ ಅವ್ವ ಹಿಂದಿನಿಂದ, ‘ಸಾಕು ಬರ್ರಿ, ಹೊತ್ತಾತು’ ಅಂತ ಕೂಗಿದಳು.